ಅಮೆರಿಕದ ಮುಂದಿನ ಅಧ್ಯಕ್ಷರು ಯಾರೆಂದು ಈಗಲೇ ಹೇಳಬಹುದೇ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರ. ಮಗಳು ಮತ್ತು ಅಳಿಯ ಏಳೆಂಟು ವರ್ಷಗಳಿಂದ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾರೆ, ಇಬ್ಬರದೂ ಎಚ್-1ಬಿ ಎಂಬ ಉದ್ಯೋಗ ವೀಸಾ. 2028ರ ಚುನಾವಣೆಯಲ್ಲಿ ಯಾರು ಅಧ್ಯಕ್ಷರಾಗುತ್ತಾರೆಂದು ನೋಡಿಕೊಂಡು ಅಲ್ಲಿ ಮನೆ ಕೊಳ್ಳುವುದೋ ಊರಿಗೆ ಮರಳುವುದೋ ತೀರ್ಮಾನಿಸುತ್ತೇವೆ ಎನ್ನುತ್ತಿದ್ದಾರೆ. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ, ಈಗಿನ ಉಪಾಧ್ಯಕ್ಷರೇ ಗೆಲ್ಲುವುದು ಖಚಿತ, ಬೆಟ್ಟಿಂಗ್ ಮಾರುಕಟ್ಟೆ 2024ರಲ್ಲೂ ಸರಿಯಾಗಿ ಹೇಳಿತ್ತು ಎಂದು ವಾದಿಸುತ್ತಾನೆ. ಅಡಿಕೆಯ ಹಣದಲ್ಲಿ ಎರಡು ಲಕ್ಷ ಕೊಟ್ಟರೆ ಆ್ಯಪ್ ಒಂದರಲ್ಲಿ ಹಾಕಿ ಮೂರು ಪಟ್ಟು ಮಾಡಿಕೊಡುತ್ತಾನಂತೆ. ಪರಿಚಯದ ಜ್ಯೋತಿಷಿಗಳು ಮಹಿಳೆಯೊಬ್ಬರು ಅಧ್ಯಕ್ಷರಾಗುತ್ತಾರೆ ಎಂದಿದ್ದಾರೆ. ನಮ್ಮ ರಾಷ್ಟ್ರಪತಿ ಚುನಾವಣೆಯ ಫಲಿತಾಂಶ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ, ಅಲ್ಲಿಯದು ಏಕೆ ಗೊತ್ತಾಗುವುದಿಲ್ಲ? ಸಮೀಕ್ಷೆಗಳನ್ನು ನಂಬಬಹುದೇ? ತಾವು ಸಂಖ್ಯಾಶಾಸ್ತ್ರ ಕಲಿಸಿದವರು, ಸಮೀಕ್ಷೆ ಮಾಡಿಸಿದವರು. ಬಿಡಿಸಿ ಹೇಳಬೇಕು.

ಉತ್ತರ: ಮೊದಲಿಗೆ ನೇರ ಉತ್ತರವನ್ನೇ ಕೊಡುತ್ತೇನೆ. 2028ರ ನವೆಂಬರ್ 7ರಂದು ನಡೆಯಬೇಕಾದ ಆ ಚುನಾವಣೆಯಲ್ಲಿ ಯಾರು ಗೆಲ್ಲುತ್ತಾರೆಂದು ಇಂದು ಹೇಳಬಲ್ಲವರು ಯಾರೂ ಇಲ್ಲ. ಎರಡು ಪಕ್ಷಗಳ ಅಭ್ಯರ್ಥಿಗಳೇ ಇನ್ನೂ ನಿರ್ಧಾರವಾಗಿಲ್ಲ. ಅವರನ್ನು ಆರಿಸುವ ಪ್ರೈಮರಿ ಚುನಾವಣೆಗಳು 2028ರ ಮೊದಲ ತಿಂಗಳುಗಳಲ್ಲಿ ಆರಂಭವಾಗುತ್ತವೆ, ಅಧಿಕೃತ ಘೋಷಣೆ ಆ ವರ್ಷದ ಬೇಸಿಗೆಯ ಪಕ್ಷ ಸಮಾವೇಶಗಳಲ್ಲಿ ಆಗುತ್ತದೆ. ಸದ್ಯಕ್ಕೆ ಖಚಿತವಾಗಿರುವುದು ಒಂದೇ: ಅಧ್ಯಕ್ಷರಾಗಿ ಎರಡಕ್ಕಿಂತ ಹೆಚ್ಚು ಬಾರಿ ಆಯ್ಕೆಯಾಗುವಂತಿಲ್ಲ ಎಂದು ಅವರ ಸಂವಿಧಾನದ 22ನೇ ತಿದ್ದುಪಡಿ ಹೇಳುವುದರಿಂದ ಡೊನಾಲ್ಡ್ ಟ್ರಂಪ್ ಮತ್ತೆ ಆಯ್ಕೆಯಾಗುವಂತಿಲ್ಲ.

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಗೆಲ್ಲುವವರು ಯಾರು ಎಂಬುದು ಒಂದು, ಅದನ್ನು ಮೊದಲೇ ತಿಳಿಯುವ ದಾರಿ ಇದೆಯೇ ಎಂಬುದು ಇನ್ನೊಂದು, ಆ ತಿಳಿವಳಿಕೆಯ ಮೇಲೆ ಹಣವನ್ನೂ ಮಕ್ಕಳ ಬದುಕನ್ನೂ ಪಣಕ್ಕಿಡಬಹುದೇ ಎಂಬುದು ಮೂರನೆಯದು. ನನ್ನ ಕಸುಬಿಗೆ ಹತ್ತಿರವಾದ ಎರಡನೆಯದನ್ನೇ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಉಳಿದೆರಡಕ್ಕೂ ಉತ್ತರ ಅದರಲ್ಲೇ ಇದೆ.

ಜ್ಯೋತಿಷಿಗಳ ಮಾತನ್ನು ಬೇಗ ಮುಗಿಸೋಣ. ಎರಡು ಪ್ರಮುಖ ಪಕ್ಷಗಳಿರುವ ದೇಶದಲ್ಲಿ ಯಾರು ಏನು ಹೇಳಿದರೂ ಹೆಚ್ಚು ಕಡಿಮೆ ಅರ್ಧ ಸಲ ನಿಜವಾಗುತ್ತದೆ. ನಿಜವಾದದ್ದನ್ನು ಊರೆಲ್ಲ ನೆನಪಿಟ್ಟುಕೊಳ್ಳುತ್ತದೆ, ಸುಳ್ಳಾದದ್ದನ್ನು ಯಾರೂ ಬರೆದಿಡುವುದಿಲ್ಲ. ಅವರ ಮೇಲೆ ನನಗೆ ಅಗೌರವವಿಲ್ಲ, ಆದರೆ ಇನ್ನೂ ಅಭ್ಯರ್ಥಿಯೇ ಆಗದವರ ಜಾತಕವನ್ನು ಅವರು ಎಲ್ಲಿಂದ ತಂದರು ಎಂದು ಕೇಳಬೇಕೆನಿಸುತ್ತದೆ.

ನಮ್ಮ ರಾಷ್ಟ್ರಪತಿ ಚುನಾವಣೆಯ ಬಗ್ಗೆ ನೀವು ಎತ್ತಿದ ಪ್ರಶ್ನೆ ಮಾತ್ರ ಬಹಳ ಒಳ್ಳೆಯದು. ನಮ್ಮಲ್ಲಿ ರಾಷ್ಟ್ರಪತಿಯನ್ನು ಆರಿಸುವವರು ಸಂಸತ್ತಿನ ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರು. 2022ರಲ್ಲಿ ಅವರ ಒಟ್ಟು ಸಂಖ್ಯೆ 4,809. ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131, ಒಬ್ಬ ಸಂಸದರದು ಆ ವರ್ಷ 700. ಯಾವ ಪಕ್ಷದಲ್ಲಿ ಎಷ್ಟು ಮಂದಿ ಇದ್ದಾರೆಂಬ ಪಟ್ಟಿ ಬಹಿರಂಗವಾಗಿಯೇ ಇರುವುದರಿಂದ ಗುಣಾಕಾರ ಬಲ್ಲ ಯಾರಾದರೂ ಫಲಿತಾಂಶದ ಹತ್ತಿರಕ್ಕೆ ಬರಬಹುದು. ದ್ರೌಪದಿ ಮುರ್ಮು ಅವರು ಸುಮಾರು 64 ಶೇಕಡಾ ಮೌಲ್ಯದ ಮತ ಪಡೆದು ಗೆದ್ದಾಗ ಯಾರಿಗೂ ಅಚ್ಚರಿಯಾಗಲಿಲ್ಲ. ಹಾಗಿದ್ದರೂ ಈ ಲೆಕ್ಕವೂ ಪೂರ್ತಿ ಭದ್ರವಲ್ಲ. ಮತದಾನ ರಹಸ್ಯವಾದದ್ದು, ಪಕ್ಷದ ವಿಪ್ ಅದಕ್ಕೆ ಅನ್ವಯಿಸುವುದಿಲ್ಲ. 1969ರಲ್ಲಿ ಇಂದಿರಾ ಗಾಂಧಿಯವರು ಆತ್ಮಸಾಕ್ಷಿಯಂತೆ ಮತ ಹಾಕಿರೆಂದು ಕರೆ ಕೊಟ್ಟಾಗ ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿಯವರು ಸೋತು, ಎರಡನೇ ಪ್ರಾಶಸ್ತ್ಯದ ಮತಗಳ ಎಣಿಕೆಯ ನಂತರ ವಿ.ವಿ. ಗಿರಿಯವರು ಗೆದ್ದರು. ಮತದಾರರ ಹೆಸರು ಗೊತ್ತಿರುವ ಚುನಾವಣೆಯೇ ಹೀಗಾಗಬಹುದಾದರೆ, ಹದಿನೈದು ಕೋಟಿಗೂ ಹೆಚ್ಚು ಜನ ಮತ ಹಾಕುವ ಅಮೆರಿಕದ ಚುನಾವಣೆಯ ಪಾಡೇನು ಎಂದು ಯೋಚಿಸಿ.

ಅಲ್ಲಿ ಇನ್ನೊಂದು ತೊಡಕಿದೆ. ದೇಶದಲ್ಲಿ ಹೆಚ್ಚು ಮತ ಪಡೆದವರು ಅಧ್ಯಕ್ಷರಾಗಲೇಬೇಕೆಂದಿಲ್ಲ. ಪ್ರತಿ ರಾಜ್ಯಕ್ಕೂ ಇಷ್ಟು ಎಂದು, ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳಾದ ಒಟ್ಟು 538 ಎಲೆಕ್ಟರ್‌ಗಳಿದ್ದು, ಗೆಲ್ಲಲು 270 ಬೇಕು. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟರೆ ಉಳಿದೆಡೆ ರಾಜ್ಯದಲ್ಲಿ ಒಂದು ಮತ ಹೆಚ್ಚು ಬಂದವರಿಗೆ ಆ ರಾಜ್ಯದ ಎಲ್ಲ ಎಲೆಕ್ಟರ್‌ಗಳೂ ಸೇರುತ್ತಾರೆ. ಕ್ಯಾಲಿಫೋರ್ನಿಯಾದ 54 ಯಾವ ಪಕ್ಷಕ್ಕೆಂದು ಎಲ್ಲರಿಗೂ ಗೊತ್ತು; ಹೋರಾಟವೆಲ್ಲ ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್, ಜಾರ್ಜಿಯಾ, ಅರಿಜೋನಾದಂಥ ಕೆಲವೇ ರಾಜ್ಯಗಳಲ್ಲಿ. 2016ರಲ್ಲಿ ಹಿಲರಿ ಕ್ಲಿಂಟನ್ ದೇಶದಾದ್ಯಂತ ಸುಮಾರು 28 ಲಕ್ಷ ಮತ ಹೆಚ್ಚು ಪಡೆದರೂ ಸೋತರು, ಏಕೆಂದರೆ ಈ ಪಟ್ಟಿಯ ಮೊದಲ ಮೂರು ರಾಜ್ಯಗಳಲ್ಲಿ ಒಟ್ಟು ಸುಮಾರು 78 ಸಾವಿರ ಮತಗಳಿಂದ ಹಿಂದೆ ಬಿದ್ದರು. 2020ರಲ್ಲಿ ಜೋ ಬೈಡನ್ ದೇಶಮಟ್ಟದಲ್ಲಿ 70 ಲಕ್ಷ ಮತಗಳ ಮುನ್ನಡೆ ಪಡೆದಿದ್ದರು. ಆದರೂ ಅರಿಜೋನಾ, ಜಾರ್ಜಿಯಾ ಮತ್ತು ವಿಸ್ಕಾನ್ಸಿನ್‌ಗಳಲ್ಲಿ ಅವರ ಒಟ್ಟು ಅಂತರ 43 ಸಾವಿರಕ್ಕಿಂತ ಕಡಿಮೆ. ಆ ಮೂರೂ ಕೈತಪ್ಪಿದ್ದರೆ ಇಬ್ಬರಿಗೂ ತಲಾ 269 ಬಂದು ನಿಲ್ಲುತ್ತಿತ್ತು. 2000ದಲ್ಲಂತೂ ಫ್ಲಾರಿಡಾದ 537 ಮತಗಳು ಅಧ್ಯಕ್ಷರು ಯಾರೆಂದು ನಿರ್ಧರಿಸಿದವು. 2023ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಶೃಂಗೇರಿ ಕ್ಷೇತ್ರದ ಫಲಿತಾಂಶ 201 ಮತಗಳ ಅಂತರದಲ್ಲಿ ಘೋಷಣೆಯಾದದ್ದು ನಿಮಗೆ ನೆನಪಿರಬಹುದು. ಅಂಥ ಅಂತರವನ್ನು ಹಿಂದಿನ ದಿನ ಹಿಡಿಯಬಲ್ಲ ಸಮೀಕ್ಷೆ ಜಗತ್ತಿನಲ್ಲೇ ಇಲ್ಲ. ಇದು ಸಮೀಕ್ಷಕರ ಅಸಾಮರ್ಥ್ಯವಲ್ಲ, ಆ ಸಾಧನದ ಮಿತಿ.

ಇನ್ನು ಸಮೀಕ್ಷೆಯ ವಿಚಾರ. ಸಾವಿರ ಜನರನ್ನು ಕೇಳಿ ಕೋಟ್ಯಂತರ ಜನರ ಮನಸ್ಸನ್ನು ಹೇಳುವುದು ಸಾಧ್ಯವೇ ಇಲ್ಲವೆಂಬುದು ಜನರಲ್ಲಿರುವ ಮೊದಲ ತಪ್ಪು ಕಲ್ಪನೆ. ಅದು ಸಾಧ್ಯ, ಮತ್ತು ಅದನ್ನು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಮಂಡಿಯಲ್ಲಿ ರಾಶಿಯೋ ಬೆಟ್ಟೆಯೋ ಗೊರಬಲೋ, ಖರೀದಿದಾರರು ಚೀಲವನ್ನೆಲ್ಲ ಸುರಿದು ನೋಡುವುದಿಲ್ಲ. ಒಂದು ಹಿಡಿ ತೆಗೆದು ನೋಡಿ ದರ ಕಟ್ಟುತ್ತಾರೆ. ಚೀಲದಲ್ಲಿ ಅಡಿಕೆ ಸಮನಾಗಿ ಬೆರೆತಿದ್ದರೆ ಆ ಒಂದು ಹಿಡಿ ಸಾಕು. ಒಳ್ಳೆಯದನ್ನು ಮೇಲುಗಡೆ ಮಾತ್ರ ತುಂಬಿದ್ದರೆ ಮೇಲಿನಿಂದ ಹತ್ತು ಹಿಡಿ ತೆಗೆದರೂ ಮೋಸಹೋಗುವುದು ತಪ್ಪುವುದಿಲ್ಲ. ಮಾದರಿ ಎಷ್ಟು ದೊಡ್ಡದು ಎಂಬುದಕ್ಕಿಂತ ಅದು ಎಲ್ಲಿಂದ ಬಂತು ಎಂಬುದೇ ಮುಖ್ಯ.

ಇದಕ್ಕೆ ಎಲ್ಲ ಪಾಠಗಳಲ್ಲೂ ಬರುವ ಉದಾಹರಣೆ 1936ರದು. ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮಾದರಿ ಮತಪತ್ರ ಕಳಿಸಿತು, 20 ಲಕ್ಷಕ್ಕೂ ಹೆಚ್ಚು ಮಂದಿ ತುಂಬಿ ಹಿಂದಿರುಗಿಸಿದರು. ಆಲ್ಫ್ ಲ್ಯಾಂಡನ್ ಗೆಲ್ಲುತ್ತಾರೆಂದು ಪತ್ರಿಕೆ ಸಾರಿತು. ಗೆದ್ದದ್ದು ಫ್ರಾಂಕ್ಲಿನ್ ರೂಸ್‌ವೆಲ್ಟ್, ಅದೂ ಅಂದಿನ 48 ರಾಜ್ಯಗಳ ಪೈಕಿ 46ರಲ್ಲಿ. ಪತ್ರಿಕೆ ವಿಳಾಸಗಳನ್ನು ಆಯ್ದದ್ದು ಹೆಚ್ಚಾಗಿ ದೂರವಾಣಿ ಮತ್ತು ಮೋಟಾರು ಕಾರು ಇದ್ದವರ ಪಟ್ಟಿಗಳಿಂದ, ಅಂದರೆ ಮಹಾ ಆರ್ಥಿಕ ಕುಸಿತದ ಕಾಲದಲ್ಲೂ ಉಳ್ಳವರಾಗಿದ್ದವರ ನಡುವಿನಿಂದ. ಸಾಲದ್ದಕ್ಕೆ, ರೂಸ್‌ವೆಲ್ಟ್ ಮೇಲೆ ಸಿಟ್ಟಿದ್ದವರೇ ಹೆಚ್ಚು ಆಸಕ್ತಿಯಿಂದ ಉತ್ತರ ಬರೆದಿದ್ದರು. ಅದೇ ವರ್ಷ ಜಾರ್ಜ್ ಗ್ಯಾಲಪ್ ಅದಕ್ಕಿಂತ ಬಹಳ ಚಿಕ್ಕ ಮಾದರಿಯಿಂದ ವಿಜೇತರನ್ನು ಸರಿಯಾಗಿ ಹೇಳಿದರು. ಹನ್ನೆರಡು ವರ್ಷದ ಬಳಿಕ, 1948ರಲ್ಲಿ, ಅದೇ ಗ್ಯಾಲಪ್ ಚುನಾವಣೆಗೆ ವಾರಗಳ ಮೊದಲೇ ಸಮೀಕ್ಷೆ ನಿಲ್ಲಿಸಿ ಹ್ಯಾರಿ ಟ್ರೂಮನ್ ಸೋಲುತ್ತಾರೆಂದರು, ಟ್ರೂಮನ್ ಗೆದ್ದರು.

ಇಂದಿನ ಕಷ್ಟ ಬೇರೆ ಬಗೆಯದು. ಅಮೆರಿಕದಲ್ಲಿ ಸಮೀಕ್ಷೆಯ ಕರೆ ಬಂದರೆ ಉತ್ತರಿಸುವವರೇ ಇಲ್ಲವಾಗಿದ್ದಾರೆ. ಪ್ಯೂ ಸಂಶೋಧನಾ ಕೇಂದ್ರದ ಫೋನ್ ಸಮೀಕ್ಷೆಗಳಿಗೆ 1997ರಲ್ಲಿ ನೂರಕ್ಕೆ 36 ಮಂದಿ ಉತ್ತರಿಸುತ್ತಿದ್ದರೆ 2018ರ ಹೊತ್ತಿಗೆ ಅದು ಆರಕ್ಕೆ ಇಳಿದಿತ್ತು. ಉತ್ತರಿಸದ 94 ಮಂದಿ ಉತ್ತರಿಸಿದ ಆರು ಮಂದಿಯಂತೆಯೇ ಯೋಚಿಸುತ್ತಾರೆಂದು ನಂಬಲು ಕಾರಣವಿಲ್ಲ. ಆದ್ದರಿಂದ ವಯಸ್ಸು, ವಿದ್ಯೆ, ಜನಾಂಗ, ಹಿಂದಿನ ಮತ ಇವುಗಳನ್ನು ನೋಡಿ ಉತ್ತರಗಳಿಗೆ ಹೆಚ್ಚು ಕಡಿಮೆ ತೂಕ ಕೊಡಲಾಗುತ್ತದೆ. ಈ ತೂಕ ಕೊಡುವ ಕೆಲಸದಲ್ಲಿ ವಿಜ್ಞಾನದಷ್ಟೇ ಸಮೀಕ್ಷಕರ ವಿವೇಚನೆಯೂ ಇರುತ್ತದೆ, ಮತ್ತು ಎಲ್ಲರ ವಿವೇಚನೆಯೂ ಒಂದೇ ಕಡೆಗೆ ವಾಲಿದರೆ ನೂರು ಸಮೀಕ್ಷೆಗಳ ಸರಾಸರಿ ತೆಗೆದರೂ ದೋಷ ಕರಗುವುದಿಲ್ಲ.

ಮಲೆನಾಡಿನಲ್ಲಿ ಸಮೀಕ್ಷೆ ಮಾಡಿಸುವಾಗ ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊಸನಗರ, ತೀರ್ಥಹಳ್ಳಿಯ ಕಡೆ ಮನೆಗಳು ಒಟ್ಟಿಗಿರುವುದಿಲ್ಲ. ತೋಟದಾಚೆ ಒಂದು, ಗುಡ್ಡ ಇಳಿದರೆ ಇನ್ನೊಂದು. ಪಟ್ಟಿಯಲ್ಲಿ ಯಾವ ಮನೆ ಇದೆಯೋ ಅಲ್ಲಿಗೇ ಹೋಗಬೇಕೆಂದು ಎಷ್ಟು ಹೇಳಿದರೂ ಮಳೆಗಾಲದಲ್ಲಿ ಹುಡುಗರು ಬಸ್ಸು ನಿಲ್ಲುವ ಕಡೆಯ ಮನೆಗಳಲ್ಲೇ ಫಾರ್ಮು ತುಂಬಿಸಿಕೊಂಡು ಬರುತ್ತಿದ್ದರು. ಒಂಟಿ ಮನೆಯವರ, ಕೂಲಿಗೆ ಹೋದವರ, ಹೆಂಗಸರ ಅಭಿಪ್ರಾಯ ಹೀಗೆ ಕಳೆದುಹೋಗುತ್ತಿತ್ತು. ಇನ್ನು ಸಿಕ್ಕವರೂ ಕಾಫಿ ಕೊಟ್ಟು, ‘ನಮ್ಮದೇನು, ಎಲ್ಲರೂ ಬೇಕಾದವರೇ’ ಎಂದು ನಗುತ್ತಾ ಕಳಿಸುವುದು ನಮ್ಮ ಕಡೆಯ ಮರ್ಯಾದೆ. ಆ ನಗುವನ್ನು ಯಾವ ಕಾಲಮ್ಮಿನಲ್ಲಿ ತುಂಬಬೇಕು? ದೇಶಮಟ್ಟದ ಮತಗಟ್ಟೆ ಸಮೀಕ್ಷೆಗಳೂ 2024ರ ಲೋಕಸಭಾ ಚುನಾವಣೆಯಲ್ಲಿ ಎನ್‌ಡಿಎಗೆ 350ಕ್ಕೂ ಹೆಚ್ಚು ಸ್ಥಾನ ಕೊಟ್ಟಿದ್ದವು, ಬಂದದ್ದು 293.

ಸಮೀಕ್ಷೆಯ ಅಂಕಿಯನ್ನು ಓದುವ ಬಗೆಯಲ್ಲೂ ತಪ್ಪಾಗುತ್ತದೆ. ಸಾವಿರ ಜನರ ಮಾದರಿಗೆ ಹೇಳುವ ದೋಷದ ಮಿತಿ ಸುಮಾರು ಮೂರು ಶೇಕಡಾ. ಅದು ಒಬ್ಬ ಅಭ್ಯರ್ಥಿಯ ಮತಪ್ರಮಾಣಕ್ಕೆ. ಇಬ್ಬರ ನಡುವಿನ ಅಂತರಕ್ಕೆ ಹೆಚ್ಚು ಕಡಿಮೆ ಅದರ ಎರಡರಷ್ಟು. ಆದ್ದರಿಂದ ಒಬ್ಬರಿಗೆ 48, ಇನ್ನೊಬ್ಬರಿಗೆ 46 ಎಂಬ ವರದಿಯಿಂದ ಸ್ಪರ್ಧೆ ಹತ್ತಿರದ್ದೆಂದು ಮಾತ್ರ ತಿಳಿಯಬಹುದು, ಯಾರು ಮುಂದಿದ್ದಾರೆಂದು ತಿಳಿಯಲಾಗದು. ಮೇಲಾಗಿ ಆ ಮಿತಿಯಲ್ಲಿ ಮಾದರಿ ಆಯ್ಕೆಯ ಆಕಸ್ಮಿಕವಷ್ಟೇ ಸೇರಿದೆ. ಉತ್ತರಿಸದವರಿಂದಾಗುವ ದೋಷ ಸೇರಿಲ್ಲ. ಅಯೋವಾ ರಾಜ್ಯದಲ್ಲಿ ಆ್ಯನ್ ಸೆಲ್ಜರ್ ಎಂಬ ಸಮೀಕ್ಷಕಿಗೆ ದಶಕಗಳ ಒಳ್ಳೆಯ ಹೆಸರಿತ್ತು. 2024ರ ಚುನಾವಣೆಗೆ ಮೂರು ದಿನ ಮೊದಲು ಅವರ ಸಮೀಕ್ಷೆ ಕಮಲಾ ಹ್ಯಾರಿಸ್ ಮೂರು ಶೇಕಡಾ ಅಂಶ ಮುಂದಿದ್ದಾರೆಂದಿತು. ಟ್ರಂಪ್ 13 ಅಂಶಗಳಿಂದ ಗೆದ್ದರು. 2016, 2020, 2024 ಮೂರರಲ್ಲೂ ಸಮೀಕ್ಷೆಗಳು ಟ್ರಂಪ್ ಬೆಂಬಲವನ್ನು ಕಡಿಮೆ ಅಳೆದದ್ದು ನಿಜ. ಹಾಗೆಂದು ಅವರ ಪಕ್ಷಕ್ಕೆ ಪ್ರತಿ ಸಲವೂ ಎರಡು ಮೂರು ಅಂಶ ಕೂಡಿಸಿಕೊಂಡರಾಯಿತು ಎಂಬ ಲೆಕ್ಕ ನಡೆಯುವುದಿಲ್ಲ, 2012ರಲ್ಲಿ ದೋಷ ಬರಾಕ್ ಒಬಾಮಾ ಅವರನ್ನು ಕಡಿಮೆ ಅಳೆಯುವ ಕಡೆಗಿತ್ತು. ಮುಂದಿನ ಸಲ ಅದು ಯಾವ ಕಡೆಗಿರುತ್ತದೆ ಎಂಬುದು ಎಣಿಕೆಯಾದ ಮೇಲಷ್ಟೇ ತಿಳಿಯುವ ವಿಷಯ.

ಸಮೀಕ್ಷೆಗಳನ್ನು ಒಟ್ಟುಗೂಡಿಸಿ ಸಂಭವನೀಯತೆ ಹೇಳುವವರು ಇನ್ನೊಂದು ಗುಂಪು. 2016ರಲ್ಲಿ ಫೈವ್‌ಥರ್ಟಿಎಯ್ಟ್ ತಾಣ ಟ್ರಂಪ್ ಗೆಲ್ಲುವ ಸಾಧ್ಯತೆ ಸುಮಾರು 29 ಶೇಕಡಾ ಎಂದಿತ್ತು, ಅವರು ಗೆದ್ದಾಗ ತಾಣ ಸುಳ್ಳು ಹೇಳಿತೆಂದು ಜನ ಬೈದರು. ಹತ್ತರಲ್ಲಿ ಮೂರು ಬಾರಿ ಆಗಬಹುದಾದದ್ದು ಆಯಿತು, ಅಷ್ಟೆ. ಸಾಧ್ಯತೆ ಒಂದೆರಡೇ ಶೇಕಡಾ ಎಂದಿದ್ದ ಬೇರೆ ಲೆಕ್ಕಿಗರನ್ನು ಬೈದಿದ್ದರೆ ಅರ್ಥವಿತ್ತು. 2024ರಲ್ಲಿ ಇಂಥ ಹೆಸರಾಂತ ಲೆಕ್ಕಗಳು ಕೊನೆಯ ದಿನ ಬಂದು ನಿಂತದ್ದು ಇಬ್ಬರಿಗೂ ಸರಿಸುಮಾರು ಐವತ್ತರಲ್ಲಿ. ಇದು ಹೇಡಿತನದ ಉತ್ತರವೆಂದು ಆಗ ಟೀಕೆ ಬಂತು. ನನ್ನ ದೃಷ್ಟಿಯಲ್ಲಿ ಅದು ಆ ವರ್ಷದ ಅತ್ಯಂತ ಪ್ರಾಮಾಣಿಕ ಉತ್ತರವಾಗಿತ್ತು.

ಈಗ ನಿಮ್ಮ ಸೋದರಳಿಯನ ‘ಉಪಾಧ್ಯಕ್ಷರೇ ಖಚಿತ’ ಎಂಬ ಮಾತಿಗೆ ಬರೋಣ. 1960ರಿಂದೀಚೆಗೆ ಅಧಿಕಾರದಲ್ಲಿದ್ದ ಉಪಾಧ್ಯಕ್ಷರು ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿಯಾದದ್ದು ಐದು ಸಲ. ನಿಕ್ಸನ್ 1960ರಲ್ಲಿ, ಹಂಫ್ರಿ 1968ರಲ್ಲಿ, ಗೋರ್ 2000ದಲ್ಲಿ, ಹ್ಯಾರಿಸ್ 2024ರಲ್ಲಿ ಸೋತರು. 1988ರಲ್ಲಿ ಹಿರಿಯ ಬುಷ್ ಒಬ್ಬರೇ ಗೆದ್ದರು. ಕಳೆದ ಮೂರು ಚುನಾವಣೆಗಳಲ್ಲೂ ಆಳುವ ಪಕ್ಷ ಸೋತಿದೆ. ಇದನ್ನು ನೋಡಿದರೆ ಅವನ ಖಚಿತತೆ ತಲೆಕೆಳಗಾಗಬೇಕು. ಆದರೆ ನಾನು ಅದನ್ನೂ ಹೇಳಲಾರೆ, ಐದು ಉದಾಹರಣೆಗಳಿಂದ ನಿಯಮ ಕಟ್ಟಲು ಬರುವುದಿಲ್ಲ. ಸಮೀಕ್ಷೆಯ ಯುಗ ಆರಂಭವಾದ 1936ರಿಂದ ಲೆಕ್ಕ ಹಾಕಿದರೂ ಒಟ್ಟು ನಡೆದಿರುವುದು 23 ಅಧ್ಯಕ್ಷೀಯ ಚುನಾವಣೆಗಳು. ಇಷ್ಟು ಕಡಿಮೆ ಮಾಹಿತಿಯೊಳಗೆ ಬೇಕಾದ ಸೂತ್ರ ಹೊಂದಿಸಬಹುದು. ಅಲನ್ ಲಿಚ್‌ಮನ್ ಎಂಬ ಇತಿಹಾಸಕಾರರ ಹದಿಮೂರು ಸೂಚಕಗಳ ಪದ್ಧತಿ ಹಲವು ಚುನಾವಣೆಗಳಲ್ಲಿ ಫಲಿಸಿ ಬಹಳ ಹೆಸರು ಮಾಡಿತ್ತು, 2024ರಲ್ಲಿ ಅದು ಹ್ಯಾರಿಸ್ ಎಂದಿತು.

ಸೂತ್ರಗಳಲ್ಲಿ ತಥ್ಯವೇ ಇಲ್ಲವೆಂದಲ್ಲ. ಚುನಾವಣಾ ವರ್ಷದ ಬೆಲೆ ಏರಿಕೆ, ಉದ್ಯೋಗ, ಹಾಲಿ ಅಧ್ಯಕ್ಷರ ಜನಪ್ರಿಯತೆ, ಇವು ಫಲಿತಾಂಶವನ್ನು ಎಳೆಯುತ್ತವೆ. ಕಷ್ಟವೆಂದರೆ 2028ರ ಬೆಲೆಗಳು 2028ರಲ್ಲೇ ಗೊತ್ತಾಗಬೇಕು. 2007ರ ಸಮೀಕ್ಷೆಗಳಲ್ಲಿ ಪಕ್ಷಗಳೊಳಗೆ ಮುಂದಿದ್ದವರು ಹಿಲರಿ ಕ್ಲಿಂಟನ್ ಮತ್ತು ರೂಡಿ ಜಿಯುಲಿಯಾನಿ; 2008ರಲ್ಲಿ ಕಣಕ್ಕಿಳಿದವರು ಒಬಾಮಾ ಮತ್ತು ಜಾನ್ ಮೆಕೇನ್. 2024ರಲ್ಲಂತೂ ಹಾಲಿ ಅಧ್ಯಕ್ಷರೇ ಜುಲೈ 21ರಂದು, ಮತದಾನಕ್ಕೆ ನಾಲ್ಕು ತಿಂಗಳೂ ಇಲ್ಲದಿರುವಾಗ, ಸ್ಪರ್ಧೆಯಿಂದ ಹಿಂದೆ ಸರಿದರು.

ಬೆಟ್ಟಿಂಗ್ ಮಾರುಕಟ್ಟೆ 2024ರಲ್ಲಿ ಟ್ರಂಪ್ ಕಡೆಗೇ ವಾಲಿತ್ತೆಂಬುದು ಸರಿ. ಫ್ರಾನ್ಸಿನ ಒಬ್ಬ ವ್ಯಕ್ತಿ ಅದರಲ್ಲಿ ಕೋಟ್ಯಂತರ ಡಾಲರ್ ಗೆದ್ದ ಸುದ್ದಿಯನ್ನು ನಿಮ್ಮ ಸೋದರಳಿಯನೂ ಓದಿರಬಹುದು. ಆ ವ್ಯಕ್ತಿ ತನ್ನದೇ ಖರ್ಚಿನಲ್ಲಿ ಸಮೀಕ್ಷೆ ಮಾಡಿಸಿ, ನೀವು ಯಾರಿಗೆ ಮತ ಹಾಕುತ್ತೀರಿ ಎಂಬುದರ ಬದಲು ನಿಮ್ಮ ಅಕ್ಕಪಕ್ಕದವರು ಯಾರಿಗೆ ಹಾಕುತ್ತಾರೆ ಎಂದು ಕೇಳಿಸಿದ್ದ. ಮೇಜಿನ ಆಚೆ ಕಡೆ ಅಂಥವರು ಕುಳಿತಿರುವಾಗ ಈಚೆ ಕಡೆ ನಿಮ್ಮ ಎರಡು ಲಕ್ಷ ಇರುತ್ತದೆ ಎಂಬುದನ್ನು ಮರೆಯಬೇಡಿ. ಇದೇ ಬಗೆಯ ಮಾರುಕಟ್ಟೆಗಳು 2016ರಲ್ಲಿ ಕ್ಲಿಂಟನ್ ಗೆಲುವು ಬಹುತೇಕ ನಿಶ್ಚಿತವೆಂಬಂತೆ ದರ ಕಟ್ಟಿದ್ದವು. ಇನ್ನು ‘ಮೂರು ಪಟ್ಟು’ ಎಂಬ ಮಾತನ್ನೇ ನೋಡಿ. ಗೆದ್ದರೆ ಮೂರು ಪಟ್ಟು ಕೊಡುವ ದರವೆಂದರೆ ಮಾರುಕಟ್ಟೆಯೇ ಆ ಅಭ್ಯರ್ಥಿಗೆ ಮೂರರಲ್ಲಿ ಒಂದು ಸಾಧ್ಯತೆ ಕೊಟ್ಟಿದೆ ಎಂದರ್ಥ. ‘ಖಚಿತ’ ಎನ್ನುತ್ತಲೇ ‘ಮೂರು ಪಟ್ಟು’ ಎನ್ನುವವನು ತಾನು ತೋರಿಸುತ್ತಿರುವ ದರವನ್ನೇ ಓದಿಕೊಂಡಿಲ್ಲ. ಸೋತರೆ ಇಡೀ ಮೊತ್ತ ಹೋಗುತ್ತದೆ, ಗೆದ್ದರೂ ಅಲ್ಲಿಯವರೆಗೆ ಹಣಕ್ಕೆ ಬಡ್ಡಿಯಿಲ್ಲ.

ಕಾನೂನಿನ ಕಡೆಯಿಂದಂತೂ ದಾರಿಯೇ ಇಲ್ಲ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ನಿಷೇಧಿಸಿದೆ, ಬ್ಯಾಂಕುಗಳು ಅದಕ್ಕೆ ಹಣ ಸಾಗಿಸುವಂತಿಲ್ಲ. ಶಿಕ್ಷೆಯ ಮುಖ್ಯ ಗುರಿ ಆಡಿಸುವವರು ಮತ್ತು ಪ್ರಚಾರ ಮಾಡುವವರು ಎಂಬುದು ನಿಜವಾದರೂ, ಆಡಿದವರ ಹಣ ಸಿಕ್ಕಿಬಿದ್ದರೆ ಬಿಡಿಸಿಕೊಡುವವರು ಯಾರೂ ಇರುವುದಿಲ್ಲ. ಕ್ರಿಪ್ಟೋ ಮೂಲಕ ವಿದೇಶಿ ತಾಣಕ್ಕೆ ಹಾಕುತ್ತೇನೆ ಎಂದರೆ ಅದರ ಲಾಭಕ್ಕೆ 30 ಶೇಕಡಾ ತೆರಿಗೆ, ನಷ್ಟವನ್ನು ಬೇರೆ ಆದಾಯದಲ್ಲಿ ಕಳೆದುಕೊಳ್ಳಲು ಅವಕಾಶವಿಲ್ಲ. ಹುಡುಗನಿಗೆ ಹಣ ಕೊಡಬೇಡಿ. ಕೊಡಲೇಬೇಕೆಂಬ ಮಮತೆ ಇದ್ದರೆ ಸಾಲವೆಂದು ಬರೆಸಿಕೊಂಡು ಬೇರೆ ಕೆಲಸಕ್ಕೆ ಕೊಡಿ.

ಮಗಳು, ಅಳಿಯನ ವಿಷಯಕ್ಕೆ ನಾನು ವಲಸೆ ಕಾನೂನಿನ ತಜ್ಞನಲ್ಲ. ವೀಸಾದ ಒಳವಿವರಗಳಿಗೆ ಅವರು ಅಲ್ಲಿನ ವಕೀಲರನ್ನೇ ಕೇಳಬೇಕು. ಆದರೆ ಚುನಾವಣೆಯ ಫಲಿತಾಂಶಕ್ಕೂ ಅವರ ಸ್ಥಿತಿಗೂ ಇರುವ ಸಂಬಂಧ ಅವರು ತಿಳಿದುಕೊಂಡಷ್ಟು ನೇರವಾಗಿಲ್ಲ ಎಂದು ಹೇಳಬಲ್ಲೆ. ವರ್ಷಕ್ಕೆ 85 ಸಾವಿರ ಹೊಸ ಎಚ್-1ಬಿ ವೀಸಾ ಎಂಬ ಮಿತಿ, ಕಾಯಂ ವಾಸಕ್ಕೆ ಕೊಡುವ ಗ್ರೀನ್ ಕಾರ್ಡಿನಲ್ಲಿ ಒಂದು ದೇಶದವರಿಗೆ ಏಳು ಶೇಕಡಾ ಎಂಬ ಮಿತಿ, ಇವೆರಡೂ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಮಾಡಿದ ಕಾನೂನುಗಳು. ಭಾರತೀಯರ ಉದ್ದನೆಯ ಸರದಿಗೆ ಕಾರಣ ಮುಖ್ಯವಾಗಿ ಎರಡನೆಯದು, ಎರಡೂ ಪಕ್ಷಗಳ ಅಧ್ಯಕ್ಷರ ಕಾಲದಲ್ಲಿ ಅದು ಹಾಗೆಯೇ ಉಳಿದುಕೊಂಡು ಬಂದಿದೆ. ಅಧ್ಯಕ್ಷರು ತಮ್ಮ ಆದೇಶದಿಂದ ಬದಲಿಸಬಹುದಾದ ಸಂಗತಿಗಳೂ ಸಣ್ಣವಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸಿದ ಆದೇಶ ಬಂದದ್ದು ಹಾಗೆಯೇ. ಆದರೆ ಅಂಥ ಆದೇಶ ಅವಧಿಯ ಯಾವ ದಿನ ಬೇಕಾದರೂ ಬರಬಹುದು, ನ್ಯಾಯಾಲಯದ ಮೆಟ್ಟಿಲನ್ನೂ ಏರಬಹುದು.

ಹೀಗಿರುವಾಗ ಅವರ ಮುಂದೆ ಮೂರು ದಾರಿಗಳಿವೆ. ಚುನಾವಣೆ ಮುಗಿಯುವವರೆಗೆ ಕಾಯುವುದು ಮೊದಲನೆಯದು. ಇದರಲ್ಲಿ ಮನೆ ಬಾಡಿಗೆ ಮತ್ತು ವರ್ಷಗಳು ಸಾಗುತ್ತವೆ, ಕಾದು ಪಡೆಯುವ ಉತ್ತರ ಅವರ ವೀಸಾದ ಪ್ರಶ್ನೆಗೆ ಉತ್ತರವಾಗಿರುವುದಿಲ್ಲ. ಈಗಲೇ ಮನೆ ಕೊಳ್ಳುವುದು ಎರಡನೆಯದು. ಇಬ್ಬರಲ್ಲಿ ಒಬ್ಬರ ಕೆಲಸ ಹೋದರೂ ಕಂತು ಕಟ್ಟಲು ಸಾಧ್ಯವೇ, ಆರೇಳು ತಿಂಗಳೊಳಗೆ ಮಾರಿ ಹೊರಡಬೇಕಾದರೆ ಎಷ್ಟು ನಷ್ಟ ತಾಳಬಲ್ಲರು ಎಂಬುದರ ಮೇಲೆ ಅದನ್ನು ನಿರ್ಧರಿಸಬೇಕೇ ಹೊರತು ಶ್ವೇತಭವನಕ್ಕೆ ಯಾರು ಬರುತ್ತಾರೆಂಬುದರ ಮೇಲಲ್ಲ. ಊರಿಗೆ ಮರಳುವುದು ಮೂರನೆಯದು. ಮಕ್ಕಳ ಶಾಲೆ, ಇಲ್ಲಿನ ಕೆಲಸ, ನಿಮ್ಮ ವಯಸ್ಸು ಮತ್ತು ತೋಟ ನೋಡಿಕೊಳ್ಳುವವರು ಯಾರೆಂಬ ಪ್ರಶ್ನೆ, ಇವೆಲ್ಲ ಅದರಲ್ಲಿ ಸೇರುತ್ತವೆ. ನಿಮ್ಮ ಪತ್ರದಲ್ಲಿ ಈ ಕೊನೆಯದನ್ನು ನೀವು ಬರೆದಿಲ್ಲ. ಮಗಳ ಹತ್ತಿರವಾದರೂ ಅದನ್ನು ಬಾಯಿಬಿಟ್ಟು ಹೇಳಿ, ಅವರ ಲೆಕ್ಕದಲ್ಲಿ ಅದಕ್ಕೂ ಜಾಗ ಬೇಕು.

ಚುನಾವಣೆಯನ್ನು ಕುತೂಹಲಕ್ಕಾಗಿ ಗಮನಿಸುವುದಾದರೆ 2028ರ ಸೆಪ್ಟೆಂಬರ್‌ವರೆಗೆ ಸಮೀಕ್ಷೆಗಳನ್ನು ಓದುವ ಶ್ರಮ ಬೇಡ. ಆಮೇಲೂ ದೇಶಮಟ್ಟದ ಅಂಕಿಯನ್ನು ಬದಿಗಿಟ್ಟು ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್‌ಗಳ ಹಲವು ಸಮೀಕ್ಷೆಗಳ ಸರಾಸರಿಯನ್ನು ನೋಡಿ. ಅಂತರ ಮೂರು ನಾಲ್ಕು ಅಂಶಕ್ಕಿಂತ ಕಡಿಮೆ ಇದ್ದರೆ ಯಾರೂ ಗೆಲ್ಲಬಹುದೆಂದೇ ಓದಿಕೊಳ್ಳಿ. ಮತದಾನ ಮುಗಿಯುವಾಗ ನಮಗೆ ಬುಧವಾರ ಬೆಳಗಾಗಿರುತ್ತದೆ, ಆದರೆ ಸ್ಪರ್ಧೆ ಹತ್ತಿರದ್ದಾಗಿದ್ದರೆ ಅಂಚೆ ಮತಗಳ ಎಣಿಕೆಯಿಂದಾಗಿ ವಿಜೇತರ ಹೆಸರಿಗೆ ಶನಿವಾರದವರೆಗೂ ಕಾಯಬೇಕಾಗಬಹುದು. 2020ರಲ್ಲಿ ಹಾಗೆಯೇ ಆಯಿತು.